ಹದಿನೇಳನೇ ಟಗರು

ಬೆಳಗಿನಿಂದ ಸ್ಟೂಲಿನ ಮೇಲೆ ಕೂತು ಲಿಫ್ಟ್‌ನವನಿಗೆ ಸೊಂಟ ಹಿಡಿದಿತ್ತು. ನೆಲಮಾಳಿಗೆಯಲ್ಲಿದ್ದ ಪ್ರಯೋಗದ ಕುರಿದೊಡ್ಡಿಯಿಂದ ಬಂದು ಪ್ರೊಫೆಸರಮ್ಮ ಲಿಫ್ಟ್ ಹತ್ತಿದರು. ಹಿಂದೆಯೇ ರಿಜಿಸ್ಟರ್ ತಬ್ಬಿಕೊಂಡ ಸಂಶೋಧನಾ ವಿದ್ಯಾರ್ಥಿನಿ.

"ಏನಮ್ಮಾ ಇದು? ‘ಹದಿನೇಳನೇ ಟಗರು ಬೆಳಿಗ್ಗೆ ಆರಕ್ಕೆ ತೀರಿಕೊಂಡ’ ಅಂತ ಬರೆದಿದ್ದೀಯ!"

"ಹಾಗಾ ಬರೆದಿದ್ದೀನಿ?"

"ಟಗರು ತೀರಿಕೊಂಡ ಅಂತಾರಾ ಯಾರಾದ್ರೂ? ಸತ್ತಿತು ಅನ್ನಬೇಕು."

"ಕಣ್ಣು ಎಳೀತಿತ್ತು ಮೇಡಂ, ಗೊತ್ತಾಗಲಿಲ್ಲ."

"ಕಾಲು ಬಿದ್ದುಹೋಗಿ ಎಷ್ಟು ದಿನ ಆಗಿತ್ತು ಅದಕ್ಕೆ?"

"ನಲವತ್ತು. ಆಮೇಲೆ ಕತ್ತು ನಿಲ್ಲಲಿಲ್ಲ. ಕೊನೆಗೆ ಉಸಿರು."

"ನಿನ್ನ ತಮ್ಮ ಹೇಗಿದ್ದಾನೆ?"

"ಅದೇ ಸ್ನಾಯು ಸವೆಯೋ ಕಾಯಿಲೆ ಅಲ್ವಾ ಮೇಡಂ, ಅದೇ ದಾರಿ. ಕಾಲು ಆಗಲೇ ಹೋಯ್ತು. ಮೊನ್ನೆಯಿಂದ ಕತ್ತಿಗೆ ದಿಂಬು ಕೊಡ್ತಿದ್ದೀವಿ."

ಲಿಫ್ಟ್‌ನವ ಗುಂಡಿಗಳನ್ನೇ ನೋಡುತ್ತ ಕೂತ.

"ಹೋಗ್ಲಿ ಬಿಡು, ಹಾಗೇ ಇರಲಿ. ನಾನು ಸಹಿ ಹಾಕ್ತೀನಿ."

"ಬೇಡ ಮೇಡಂ, ಈಗಲೇ ತಿದ್ತೀನಿ. ಆ ಮಾತನ್ನ ನನ್ನ ಕೈಯಾರೆ ಬರೆದಿಡೋದು ಬೇಡ."

ಮೂರನೇ ಮಹಡಿ ಬಂತು. ಪ್ರೊಫೆಸರಮ್ಮ ಪೆನ್ನು ಕೊಟ್ಟರು. ಅವಳು ರಿಜಿಸ್ಟರನ್ನು ಲಿಫ್ಟಿನ ಗೋಡೆಗೆ ಆನಿಸಿ ಆ ಒಂದು ಪದ ಹೊಡೆದು ಹಾಕುವವರೆಗೂ ಲಿಫ್ಟ್‌ನವ ಬಾಗಿಲು ಹಿಡಿದೇ ನಿಂತಿದ್ದ. ಆಮೇಲೆ ಇಬ್ಬರೂ ಇಳಿದು ಹೋದರು.