ಹುಳದ ನೀರಿನಲ್ಲಿ ಅದ್ದಿದ ಚಿಮಟ, ಕತ್ತರಿ

ನನ್ನ ಹೆಸರು ಹಾಜಿರಾ, ಗಂಡ ಫಕ್ರುದ್ದೀನ್, ವಯಸ್ಸು 47 ವರ್ಷ, ಕಸುಬು ರೇಷ್ಮೆ ನೂಲು ಬಿಚ್ಚುವುದು, ವಾಸ ಚರಕದ ಓಣಿ, ಮೂರನೇ ಅಡ್ಡರಸ್ತೆ, ರಾಮನಗರ ಟೌನ್. ಯಾರೂ ಕರೆಸದೆ ನಾನಾಗಿಯೇ ಈ ದಿನ ದಿನಾಂಕ 16.11.2024ರಂದು ಬೆಳಿಗ್ಗೆ 10.10ಕ್ಕೆ ಠಾಣೆಗೆ ಬಂದು ಬರೆಸುವುದೇನೆಂದರೆ:

ನಮ್ಮ ಮನೆಯ ಮುಂಭಾಗದಲ್ಲಿ ಎರಡು ಚರಕಗಳಿವೆ. ಒಲೆಯ ಮೇಲೆ ಒಂದು ಬಾಣಲೆ ಇರುತ್ತದೆ. ಅದರಲ್ಲಿ ರೇಷ್ಮೆಗೂಡು ಬೇಯಿಸುತ್ತೇವೆ, ನೀರು ಕುದಿಯುತ್ತಲೇ ಇರುತ್ತದೆ. ಚರಕದ ಮುಂದೆ ಒಂದು ಬೋಗುಣಿ ಇರುತ್ತದೆ. ಬೆಂದ ಗೂಡನ್ನು ಅದರಲ್ಲಿ ಬಿಟ್ಟು ಎಳೆ ತೆಗೆಯುತ್ತೇವೆ, ಆ ನೀರು ಕೈ ಇಡುವಷ್ಟು ಬೆಚ್ಚಗೆ ಮಾತ್ರ. ಬೋಗುಣಿ ನೀರನ್ನು ನಾವು ಸಂಜೆವರೆಗೆ ಚೆಲ್ಲುವುದಿಲ್ಲ, ಗೂಡಿನ ಅಂಟು ಇಳಿದಷ್ಟೂ ಎಳೆ ಚೆನ್ನಾಗಿ ಕೂರುತ್ತದೆ. ಸತ್ತ ಹುಳಗಳು ಅದರಲ್ಲೇ ತೇಲುತ್ತಿರುತ್ತವೆ. ನಮ್ಮ ಓಣಿಯ ಮಕ್ಕಳಿಗೂ ಇದು ಗೊತ್ತು, ತಾವು ಬೇರೆ ಕಡೆಯಿಂದ ವರ್ಗವಾಗಿ ಬಂದವರಾದ್ದರಿಂದ ಬರೆಸುತ್ತಿದ್ದೇನೆ.

ನಮ್ಮ ಬಾಗಿಲಿನಿಂದ ಹದಿನೈದು ಅಡಿ ದೂರದಲ್ಲಿ ಡಾ. ಮುಜಾಮಿಲ್‌ರವರ ಕ್ಲಿನಿಕ್ ಇರುತ್ತದೆ. ಹದಿನೆಂಟು ವರ್ಷದಿಂದ ಓಣಿಗೆಲ್ಲ ಅವರದೇ ಔಷಧ. ಕೆಟ್ಟವರೆಂದು ನಾನು ಹೇಳುವುದಿಲ್ಲ. ಎರಡು ವರ್ಷದ ಹಿಂದೆ ನನ್ನ ಬೆರಳಿಗೆ ಹೊಲಿಗೆ ಹಾಕಿದಾಗ ಕತ್ತರಿ, ಚಿಮಟಗಳನ್ನು ಅಂಟಿಸಿದ ಕಾಗದದ ಚೀಲದಿಂದ ನನ್ನೆದುರೇ ಹರಿದು ತೆಗೆದಿದ್ದರು. ಚೀಲದ ಮೇಲಿನ ಪಟ್ಟಿ ಕಪ್ಪಗಾಗಿದ್ದರೆ ಮಾತ್ರ ಒಳಗಿನ ಸಾಮಾನು ಶುದ್ಧವೆಂದು ನರ್ಸ್ ರಮ್ಯಾ ಆಗ ನನಗೆ ತೋರಿಸಿಕೊಟ್ಟಿದ್ದಳು.

ಈ ಸಲ ದಸರಾ ಮುಗಿದ ಮಾರನೇ ವಾರ, ಮಧ್ಯಾಹ್ನ ಸುಮಾರು 12 ಗಂಟೆಗೆ, ರಮ್ಯಾ ಒಂದು ಸ್ಟೀಲ್ ಟ್ರೇ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಕ್ಲಿನಿಕ್‌ನ ಸ್ಟೆರಿಲೈಸರ್ ಕೆಟ್ಟಿದೆ, ರಿಪೇರಿಯವನು ಬೆಂಗಳೂರಿನಿಂದ ಬರಬೇಕು, ಡಾಕ್ಟರೇ ಕಳಿಸಿದ್ದಾರೆ ಎಂದಳು. ನಮ್ಮ ನೀರು ಯಾವಾಗಲೂ ಕುದಿಯುತ್ತಿರುವುದರಿಂದ ಸಾಮಾನನ್ನು ಒಸಿ ಹೊತ್ತು ಅದ್ದಿಕೊಡಬೇಕೆಂದು ಕೇಳಿದಳು. ಡಾಕ್ಟರು ನಮ್ಮ ಮನೆಯ ನೀರು ಕೇಳಿದರೆಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಅಂದಿನಿಂದ ಆರು ಸಲ ಟ್ರೇ ಬಂತು. ಆರು ಸಲವೂ ಕುದಿಯುವ ಬಾಣಲೆಯಲ್ಲೇ ಅದ್ದಿಸಿರುತ್ತೇನೆ. ಅದರಲ್ಲೂ ಹುಳವೇ ಬೇಯುವುದು, ಆದರೂ ಕುದಿದ ನೀರಿಗೆ ಏನೂ ಆಗದು ಎಂದುಕೊಂಡೆ. ಕಾಗದದ ಚೀಲ ಎಲ್ಲಿ ಎಂದು ಒಂದು ಸಲವೂ ಕೇಳಲಿಲ್ಲ.

ದಿನಾಂಕ 12.11.2024ರ ಮಂಗಳವಾರ ಬೆಳಿಗ್ಗೆ 11.20ಕ್ಕೆ ಏಳನೇ ಸಲ ಟ್ರೇ ಬಂತು. ಆಗಷ್ಟೇ ಬಾಣಲೆಗೆ ಹೊಸ ಗೂಡು ಸುರಿದಿದ್ದೆ. ಒಳ್ಳೆಯ ಬಿಳಿ ಗೂಡು, ಮಧ್ಯೆ ನಿಲ್ಲಿಸಿದರೆ ಹೆಚ್ಚು ಬೆಂದು ಎಳೆಯೇ ಸಿಗುವುದಿಲ್ಲ. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ಮೇಲೇ ಇರುತ್ತದೆ, ಓಣಿಯಲ್ಲಿ ಯಾರನ್ನು ಬೇಕಾದರೂ ವಿಚಾರಿಸಿ. ಹೊತ್ತುಗೊತ್ತು ಇಲ್ಲದೆ ಬಂದುಬಿಡುತ್ತೀಯ ಎಂದು ರಮ್ಯಾಳಿಗೆ ಬೈದು, ಬೋಗುಣಿಯಲ್ಲಿ ಅದ್ದಿಕೊಂಡು ಹೋಗೆಂದೆ. ಅವಳು ಬೋಗುಣಿಯಲ್ಲಿ ಬೆರಳಿಟ್ಟು ನೋಡಿ, "ಅಕ್ಕ, ಇದು ಬರೀ ಬೆಚ್ಚಗೈತೆ ಕಣಕ್ಕ" ಎಂದಳು. ಬೆಳಿಗ್ಗೆಯಿಂದ ಒಲೆ ಪಕ್ಕದಲ್ಲೇ ಕಾದ ನೀರು, ಇನ್ನೆಷ್ಟು ಕಾಯಬೇಕು ಎಂದು ನಾನು ಗದರಿದೆ. ಅವಳು ಸುಮಾರು ಎರಡು ನಿಮಿಷ ಅದ್ದಿದಳು. ತೆಗೆಯುವಾಗ ಕತ್ತರಿಗೆ ಒಂದು ಹುಳ ಅಂಟಿಕೊಂಡಿತ್ತು, ಅದನ್ನು ಉಗುರಿನಿಂದ ಕಿತ್ತು ಹಾಕಿ ಹೊರಟಳು. ಯಾರಿಗೆ ಗಾಯವಾಗಿದೆ ಎಂದು ನಾನು ಕೇಳಲಿಲ್ಲ.

ಅದೇ ದಿನ 11.50ಕ್ಕೆ ನನ್ನ ಮಗಳು ಸುಹಾನಾ, 20 ವರ್ಷ, ಬಲಗೈಗೆ ಪಟ್ಟಿ ಕಟ್ಟಿಸಿಕೊಂಡು ಕ್ಲಿನಿಕ್‌ನಿಂದ ಹೊರಗೆ ಬಂದಳು. ಅವಳು ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಕಡೆ ಬಣ್ಣ ಹಾಕುವ ಕೆಲಸಕ್ಕೆ ಹೋಗುತ್ತಾಳೆ. ಅಂದು ಬೊಂಬೆಯ ಅಂಚು ಕೆತ್ತುವಾಗ ಉಳಿ ಜಾರಿ ಅಂಗೈ ಸೀಳಿತ್ತು. ಜೊತೆಯವಳಾದ ಶೀಬಾ ಹನ್ನೆರಡು ಕಿಲೋಮೀಟರ್ ಸ್ಕೂಟರಿನಲ್ಲಿ ಕೂರಿಸಿಕೊಂಡು ನಮ್ಮ ಡಾಕ್ಟರ ಹತ್ತಿರವೇ ಕರೆತಂದಿದ್ದಳು. ಹೊಲಿಗೆ ಮುಗಿಯುವವರೆಗೆ ಅಮ್ಮನಿಗೆ ಹೇಳಬೇಡಿ, ಬೈಯುತ್ತಾಳೆ ಎಂದು ಸುಹಾನಾ ರಮ್ಯಾಳಿಂದ ಮಾತು ತೆಗೆದುಕೊಂಡಿದ್ದಳಂತೆ. ಐದು ಹೊಲಿಗೆ ಬಿದ್ದಿದ್ದವು. ಕ್ಲಿನಿಕ್ ಬಾಗಿಲಲ್ಲಿ ನಿಂತಿದ್ದ ರಮ್ಯಾಳ ಮುಖ ನೋಡಿದೆ, ಅವಳು ತಲೆ ತಗ್ಗಿಸಿದಳು. ನಾನು ಯಾರಿಗೂ ಏನೂ ಹೇಳದೆ ಮಗಳನ್ನು ಒಳಗೆ ಕರೆದುಕೊಂಡು ಹೋದೆ.

13ನೇ ತಾರೀಖು ಅಂಗೈ ಊದಿತು. ಅಂದು ಸಂಜೆ ಸುಹಾನಾ ನಾನು ಬೇಡವೆಂದರೂ ಎರಡು ಪಾತ್ರೆ ತೊಳೆದು ಪಟ್ಟಿ ನೆನೆಸಿಕೊಂಡಳು. 14ರಂದು ಮಧ್ಯಾಹ್ನ 3 ಗಂಟೆಗೆ ಮೈ ಕೆಂಡದಂತೆ ಸುಡುತ್ತಿತ್ತು, ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಕೆಂಪು ಗೆರೆ ಎದ್ದಿತ್ತು. ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಡಾಕ್ಟರು ಪಟ್ಟಿ ಬಿಚ್ಚಿ ನೋಡಿದರು. ಈಗಲೇ ಬೆಂಗಳೂರಿಗೆ ಹೋಗಿ ಎಂದು ತಾವೇ ಫೋನ್ ಮಾಡಿ ಕಾರು ತರಿಸಿದರು. ನೀರಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

15ರಂದು ಬೆಂಗಳೂರಿನ ಆಸ್ಪತ್ರೆಯ ಲೇಡಿ ಡಾಕ್ಟರು ಹೊಲಿಗೆ ಎಲ್ಲಿ ಹಾಕಿಸಿದಿರಿ, ಸಾಮಾನು ಹೇಗೆ ತೊಳೆದಿದ್ದರು, ಗಾಯಕ್ಕೆ ಯಾವ ನೀರಾದರೂ ತಗುಲಿತ್ತೇ ಎಂದು ಕೇಳಿದರು. ಕೀವಿನ ರಿಪೋರ್ಟ್ ಬರಲು ಎರಡು ದಿನ ಬೇಕು, ನೀರಿನ ವಿಷಯ ತಿಳಿದರೆ ಈಗಲೇ ಸರಿಯಾದ ಔಷಧ ಕೊಡಬಹುದು ಎಂದರು. ನನ್ನ ಗಂಡ ಪಕ್ಕದಲ್ಲಿದ್ದರು, ಅವರಿಗೂ ನಾನು ಹೇಳಿರಲಿಲ್ಲ. ನಾನು ಗೊತ್ತಿಲ್ಲ ಎಂದುಬಿಟ್ಟೆ. ಹೆದರಿಕೆಯಾಯಿತು. ಚರಕಕ್ಕೆ ಬೀಗ ಬೀಳುತ್ತದೆ, ಓಣಿಯವರು ಉಗಿಯುತ್ತಾರೆ, ಮಗಳು ನನ್ನ ಮುಖ ನೋಡುವುದಿಲ್ಲ ಎಂದು ಹೆದರಿದೆ. ಡಾಕ್ಟರು ಹೋದ ಮೇಲೆ ಸುಹಾನಾ ನನ್ನ ಸೆರಗು ಹಿಡಿದುಕೊಂಡು, "ಅಮ್ಮೀ, ನಾನೇ ಪಟ್ಟಿ ನೆನೆಸ್ಕಂಡು ಹಿಂಗ್ ಮಾಡ್ಕಂಡ್ಬುಟ್ಟೆ, ಬೈಬೇಡ" ಎಂದಳು. ನಾನು ಅಲ್ಲ ಎನ್ನಲಿಲ್ಲ. ಹೋಗಲಿ ಬಿಡು ಎಂದೆ.

ಈ ದಿನ ಬೆಳಿಗ್ಗೆ 7.15ಕ್ಕೆ ಅದೇ ಡಾಕ್ಟರು ಬಂದು ಔಷಧ ಹಿಡಿಯುತ್ತಿಲ್ಲ, ಮಧ್ಯಾಹ್ನ 2 ಗಂಟೆಗೆ ಅಂಗೈ ಮತ್ತೆ ತೆರೆಯುತ್ತೇವೆ, ಎರಡು ಬೆರಳು ಉಳಿಯುವುದು ಅನುಮಾನ ಎಂದರು. ನೀರಿನ ಮಾತು ಮತ್ತೊಮ್ಮೆ ಕೇಳಿದರು. ಮಗಳು ನನ್ನನ್ನೇ ನೋಡುತ್ತಿದ್ದಳು, ಅವಳ ಮುಂದೆ ಹೇಳಲು ಆಗಲಿಲ್ಲ. ಬಟ್ಟೆ ತರುತ್ತೇನೆಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಮನೆಗೆ ಹೋಗದೆ ಇಲ್ಲಿಗೆ ಬಂದೆ. ಇಲ್ಲಿ ಹೇಳಿದರೆ ಬರೆದುಕೊಳ್ಳುತ್ತಾರೆ, ಬರೆದದ್ದನ್ನು ನಾನು ಮತ್ತೆ ನುಂಗಲು ಆಗುವುದಿಲ್ಲ.

ಇಷ್ಟು ಹೇಳಿದಾಗ 10.50 ಆಗಿತ್ತು. ನನ್ನ ಕೋರಿಕೆಯಂತೆ ಬರೆಯುವುದನ್ನು ನಿಲ್ಲಿಸಿ ಸಾಹೇಬರು ಆಸ್ಪತ್ರೆಗೆ ಫೋನ್ ಮಾಡಿ ಲೇಡಿ ಡಾಕ್ಟರಿಗೆ ಹುಳದ ನೀರಿನ ವಿಷಯ ತಿಳಿಸಿದರು. ಔಷಧ ಬದಲಿಸುತ್ತೇವೆ, ನಿನ್ನೆಯೇ ಹೇಳಬೇಕಿತ್ತು ಎಂದು ಅವರು ಹೇಳಿರುತ್ತಾರೆ. ನಾನು ಕೇಳಿಕೊಳ್ಳುವುದೇನೆಂದರೆ, ಕ್ಲಿನಿಕ್ ಈಗಲೂ ತೆರೆದಿದೆ, ಹಿಂದಿನ ಆರು ಸಲ ಟ್ರೇ ಯಾರ ಗಾಯಕ್ಕೆ ಬಂದಿತ್ತೆಂದು ಹುಡುಕಿಸಬೇಕು, ಇನ್ನೊಬ್ಬರಿಗೆ ಆ ಕತ್ತರಿ ತಗುಲಬಾರದು. ದೂರು ಡಾಕ್ಟರ ಮೇಲಷ್ಟೇ ಸಾಕು, ಬೋಗುಣಿಯ ಮಾತು ನಿಮ್ಮ ಮೇಲೆಯೇ ಬರುತ್ತದೆ ಎಂದು ಬರೆದುಕೊಳ್ಳುತ್ತಿದ್ದ ಠಾಣೆಯ ರೈಟರ್ ಎಚ್ಚರಿಸಿದರು. ಅದು ಬರಲಿ, ನೀರು ಬರೀ ಬೆಚ್ಚಗಿದೆ ಎಂದು ರಮ್ಯಾ ಹೇಳಿದ್ದಳು ಎಂಬುದನ್ನೂ ಬಿಡದೆ ಬರೆಯಿರಿ ಎಂದು ನಾನೇ ಹೇಳಿ ಬರೆಸಿರುತ್ತೇನೆ.

ಇದನ್ನು ನನಗೆ ಎರಡು ಸಲ ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇದೆ, ಒಂದು ಮಾತೂ ಸುಳ್ಳಲ್ಲ. ಇದರ ಒಂದು ಪ್ರತಿಯನ್ನು ಈಗಲೇ ಕೊಡಬೇಕು, 2 ಗಂಟೆಯೊಳಗೆ ನಾನು ಆಸ್ಪತ್ರೆ ಮುಟ್ಟಬೇಕು. ನನಗೆ ಕನ್ನಡ ಓದಲು ಬರುವುದಿಲ್ಲ. ಸುಹಾನಾಗೆ ಬರುತ್ತದೆ.

ಸ್ಥಳ: ರಾಮನಗರ
ದಿನಾಂಕ: 16.11.2024, ಬೆಳಿಗ್ಗೆ 11.35
ಹಾಜಿರಾರವರ ಎಡಗೈ ಹೆಬ್ಬೆಟ್ಟಿನ ಗುರುತು