ಮರಳು ಮೇಸ್ತ್ರಿ ಮತ್ತು ಎರಡು ತುಂಡು ಚರ್ಮ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕನವರಿಗೆ — ನಮ್ಮ ಮೇಸ್ತ್ರಿಯವರ ಮನೆಯವರಿಗೆ — ಅವರ ಮಗಳಿಗೆ, ಅಳಿಯಂದಿರಿಗೆ, ನಮ್ಮ ಮಾಲೀಕರಿಗೆ, ಡಿಸೈನರ್ ಮೇಡಂ ಅವರಿಗೆ, ಚರ್ಮ ಕತ್ತರಿಸುವವರಿಗೆ, ಹೊಲಿಯುವವರಿಗೆ, ಸೋಲು ಅಂಟಿಸುವವರಿಗೆ, ಡಬ್ಬಿ ಕಟ್ಟುವವರಿಗೆ — ಎಲ್ಲರಿಗೂ ನಮಸ್ಕಾರ.

ಈ ಮೈಕನ್ನು ಸ್ವಲ್ಪ ದೂರ ಇಡುತ್ತೇನೆ. ಇಪ್ಪತ್ತೆರಡು ವರ್ಷ ಹೊಲಿಗೆ ಮಿಷನ್ನುಗಳ ಗದ್ದಲದ ಮೇಲೆ ಮಾತಾಡಿ ಪಳಗಿದ ಗಂಟಲು ನನ್ನದು. ಹತ್ತಿರ ಹಿಡಿದರೆ ಪಕ್ಕದ ಬೀದಿಯವರೂ ಎದ್ದು ಬಂದಾರು.

ನಗಿ, ನಗಿ. ಪರವಾಗಿಲ್ಲ. ಅಕ್ಕನವರ ಅಪ್ಪಣೆ ಪಡೆದೇ ಇಲ್ಲಿ ನಿಂತಿದ್ದೇನೆ. "ಅಳೋ ಮಾತು ಬೇಡ ಕಣಮ್ಮಾ, ಮನೇಲಿ ಅದು ಬೇಕಾದಷ್ಟು ಆಗಿದೆ. ಅವರು ಹೇಗಿದ್ರೋ ಹಾಗೇ ಹೇಳು" ಅಂದರು. ಹಾಗೇ ಹೇಳುತ್ತೇನೆ.

ಮೇಸ್ತ್ರಿಯವರು ಈ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಇದ್ದರು. ಅಷ್ಟೂ ವರ್ಷ ಒಂದೇ ಬೂಟು ಮಾಡಿದರು. ಕೇಳಿಸಿಕೊಳ್ಳಿ — ಒಂದೇ ಜೊತೆ ಅಲ್ಲ, ಒಂದೇ ಥರದ ಬೂಟು. ಮರಳುಗಾಡಿನ ಬೂಟು. ಹರಳೆಣ್ಣೆಯ ಬಣ್ಣದ ಸ್ವೇಡ್ ಚರ್ಮ, ಮುಟ್ಟಿದರೆ ಕರುವಿನ ಕಿವಿ ಮುಟ್ಟಿದ ಹಾಗೆ. ಮುಂದಕ್ಕೊಂದು ತುಂಡು, ಹಿಂದಕ್ಕೊಂದು ತುಂಡು, ಎರಡು ಜೊತೆ ಕಣ್ಣು, ಅದರಲ್ಲಿ ತೂರುವ ಒಂದು ಲೇಸು, ಕೆಳಗೆ ಮೆತ್ತನೆಯ ಕ್ರೇಪ್ ರಬ್ಬರಿನ ಸೋಲು. ಮುಗಿಯಿತು. ಇದಕ್ಕಿಂತ ಕಡಿಮೆ ಮಾಡಿದರೆ ಬರಿಗಾಲು.

ಕಾರ್ಖಾನೆಯಲ್ಲಿ ಅದು "ಮರಳು ಬೂಟು", ಅವರು "ಮರಳು ಮೇಸ್ತ್ರಿ". ಅವರ ಕೈಯಲ್ಲಿ ಬೈಸಿಕೊಂಡವರು ಮಾತ್ರ ರಕಾರಕ್ಕೊಂದು ಕೊಂಬು ಸೇರಿಸಿ "ಮರುಳು ಮೇಸ್ತ್ರಿ" ಅನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಸಿಟ್ಟಾದರೇ? ಇಲ್ಲವೇ ಇಲ್ಲ. "ನನಗೇನೂ ಕೊಂಬಿರಲಿಲ್ಲಮ್ಮಾ, ನೀವೇ ಕೊಟ್ಟಿರಿ. ಇನ್ನು ತಿವೀತೀನಿ ಹುಷಾರು!" ಅಂದರು.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಕೈಗೊಂದು ಬೂಟು ಕೊಟ್ಟು, ಕೆಳಭಾಗ ತೋರಿಸಿ ಕೇಳಿದರು: "ಇದೇನು?"

"ಸೋಲು, ಮೇಸ್ತ್ರಿ."

"ಇದು?"

"ಲೇಸು."

"ಸೋಲು ಯಾವತ್ತೂ ಕೆಳಗಿರ್ಬೇಕು. ಲೇಸು ಮೇಲಿರ್ಬೇಕು. ಇಷ್ಟು ತಿಳಿದ್ರೆ ಬೂಟು ಕಲಿತ ಹಾಗೆ. ಹೋಗು, ದಾರ ಪೋಣಿಸು."

ಇಷ್ಟೇ ನನಗೆ ಸಿಕ್ಕ ತರಬೇತಿ. ಇಲ್ಲಿರುವ ಅರ್ಧ ಜನಕ್ಕೆ ಸಿಕ್ಕಿದ್ದೂ ಇದೇ.

ಒಮ್ಮೆ ಗಿರಾಕಿಯೊಬ್ಬರು ಅಂಗಡಿಯಿಂದ ನೇರ ನಮ್ಮ ಕತ್ತರಿ ವಿಭಾಗಕ್ಕೇ ನುಗ್ಗಿ ಬಂದರು. ಕೈಯಲ್ಲಿ ಬೂಟು, ಬೂಟಿನ ಮೇಲೆ ಹಿಡಿಯಗಲದ ಮಳೆಯ ಕಲೆ. ಮುಖ ಕೆಂಪಗೆ. ಮೇಸ್ತ್ರಿ ಚರ್ಮ ಕತ್ತರಿಸುವ ರಂಪಿಗೆ ಕೆಳಗಿಟ್ಟು, ಬೂಟನ್ನು ಹೀಗೆ — ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಆವತ್ತು ಎಲ್ಲಿಗೆ ಹೊರಟಿದ್ರಿ ಸ್ವಾಮೀ?"

"ಸ್ನೇಹಿತನ ಮನೆಗೆ."

"ಸಿಕ್ಕಿದ್ರಾ?"

"ಸಿಕ್ಕಿದ. ಅದಕ್ಕೇನೀಗ?"

"ಮತ್ತೆ ಬೂಟು ತನ್ನ ಕೆಲಸ ಮಾಡಿದೆಯಲ್ಲ! ಹೊಸದಿದ್ದಾಗ ಇದು ಅಂಗಡೀದು. ಈಗ ನಿಮ್ಮದಾಗಿದೆ. ಬೇರೆ ಯಾರೂ ನಂದು ಅಂತ ಹೇಳಕ್ಕಾಗಲ್ಲ." ಅಂದವರೇ ಬ್ರಷ್ಷು ತೆಗೆದುಕೊಂಡು ನಾಲ್ಕು ಸಲ ಎಳೆದು ಚರ್ಮದ ನಾರು ಎಬ್ಬಿಸಿದರು. ಕಲೆ ಪೂರ್ತಿ ಹೋಗಲಿಲ್ಲ. ಆದರೆ ಜಗಳಕ್ಕೆ ಬಂದ ಮನುಷ್ಯ ಚಹಾ ಕುಡಿದು ಹೋದರು.

ಈಗ — ಒಂಬತ್ತು ವರ್ಷದ ಹಿಂದಿನ ಮಾತಿಗೆ ಬರುತ್ತೇನೆ. ಮಾಲೀಕರು ಕ್ಷಮಿಸಬೇಕು, ಅವರ ವಿಷಯವೂ ಬರುತ್ತದೆ.

ಆಗ ಅಂಗಡಿಗಳಲ್ಲಿ ನಮ್ಮ ಬೂಟನ್ನು ಕೇಳುವವರು ಕಡಿಮೆಯಾಗಿದ್ದರು. ಮಾಲೀಕರು ನಮ್ಮನ್ನೆಲ್ಲ ಇದೇ ಹಜಾರದಲ್ಲಿ ನಿಲ್ಲಿಸಿ ಹೇಳಿದರು: "ಅಪ್ಪನ ಕಾಲದ ಬೂಟು ಇದು. ಆರು ತಿಂಗಳಲ್ಲಿ ಹೊಸ ರೂಪ ಬಂದರೆ ಸರಿ. ಇಲ್ಲದಿದ್ದರೆ ಈ ವಿಭಾಗ ಮುಚ್ಚುತ್ತೇನೆ." ಹದಿನಾಲ್ಕು ಜನ ನಾವು. ಯಾರೂ ಪಕ್ಕದವರ ಮುಖ ನೋಡಲಿಲ್ಲ. ಮರುವಾರವೇ ಹೊಸ ರೂಪ ಕೊಡಲೆಂದು ಒಬ್ಬರು ಬಂದರು. ಆಗ ಇಪ್ಪತ್ತಾರು ವರ್ಷದ ಹುಡುಗಿ. ಕನ್ನಡಕ, ಕಿವಿ ಹಿಂದೆ ಪೆನ್ಸಿಲ್ಲು. ಅವರೇ — ಅಗೋ, ಮೂರನೇ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿರುವವರು — ನಮ್ಮ ಡಿಸೈನರ್ ಮೇಡಂ.

ಮೇಸ್ತ್ರಿ ಜಗಳವಾಡುತ್ತಾರೆ ಅಂತ ನಾವು ಕಾದೆವು. ಆಡಲಿಲ್ಲ. ಮೇಡಂ ಬರೆದುಕೊಟ್ಟ ಚಿತ್ರವನ್ನೆಲ್ಲ ಚಾಚೂ ತಪ್ಪದೆ ಮಾಡಿದರು. ಮಾಡಿ, ಒಂದೊಂದನ್ನೂ ತಾವೇ ವಾರವಿಡೀ ಹಾಕಿಕೊಂಡರು. ಅದೇ ಅವರ ಜಗಳ!

ಮೊದಲನೆಯದಕ್ಕೆ ಪಕ್ಕದಲ್ಲಿ ಜಿಪ್ಪು. ಎರಡನೇ ದಿನ ಬೆಳಿಗ್ಗೆ ಗೇಟಿನಲ್ಲಿ ಬರುತ್ತಿದ್ದಾರೆ — ಎಡಗಾಲಲ್ಲಿ ಬೂಟು, ಬಲಗಾಲಲ್ಲಿ ಬಚ್ಚಲಿನ ಚಪ್ಪಲಿ.

"ಇದೇನು ಮೇಸ್ತ್ರಿ?"

"ಜಿಪ್ಪು ಕಚ್ಕೊಂಡಿದೆ. ನಿನ್ನೆ ಸಾಯಂಕಾಲದಿಂದ ಬಿಚ್ಚಕ್ಕಾಗಿಲ್ಲ."

"ಸ್ನಾನ?"

"ಮಾಡ್ದೆ. ಈ ಕಾಲು ಬಾಗಿಲಾಚೆ ಇಟ್ಟು."

ಎರಡನೆಯದಕ್ಕೆ ಫಳಫಳ ಹೊಳೆಯುವ ಬಕಲ್ಲು, ಪಟ್ಟಿ. ಮೇಡಂ ಮುಂದೆ ನಿಂತು ಬಹಳ ವಿನಯವಾಗಿ ಕೇಳಿದರು: "ಕಾಲಿಗೆ ಬೆಲ್ಟು ಯಾಕಮ್ಮಾ? ಕಾಲೇನಾದ್ರೂ ಜಾರಿ ಬೀಳುತ್ತಾ?" ಮೂರನೆಯದಕ್ಕೆ ನಾಲ್ಕು ಬೆರಳು ದಪ್ಪದ ಸೋಲು. ಅದನ್ನು ಹಾಕಿಕೊಂಡು ಹೊಲಿಗೆ ವಿಭಾಗಕ್ಕೆ ಬಂದು, "ಆಹಾ, ಇಷ್ಟೆತ್ತರದಿಂದ ನಿಮ್ಮ ತಪ್ಪೆಲ್ಲಾ ಚೆನ್ನಾಗಿ ಕಾಣುತ್ತೆ!" ಅಂದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮೇಡಂ ನಗಲಿಲ್ಲ. ಊಟದ ಹೊತ್ತಿಗೆ ನನ್ನ ಮಿಷನ್ನಿನ ಹಿಂದೆ ಬಂದು ಕುಳಿತು ಗಳಗಳ ಅತ್ತುಬಿಟ್ಟರು. "ಬದಲಾಯಿಸೋಕೆ ಅಂತಾನೇ ನನ್ನ ಕರೆಸಿದ್ದಾರೆ ಅಕ್ಕಾ. ಬದಲಾಯಿಸದಿದ್ರೆ ನನ್ನ ಕೆಲಸ ಹೋಗುತ್ತೆ. ಬದಲಾಯಿಸಿದ್ರೆ ಬೂಟೇ ಹಾಳಾಗ್ತಿದೆ, ನನಗೂ ಕಾಣುತ್ತೆ. ಆದ್ರೆ ಅವರು ಎಲ್ಲರ ಎದುರು ಹೀಗೆ ನಗಿಸಬೇಕಾ?"

ಆ ಮಾತು ನನ್ನನ್ನು ಚುಚ್ಚಿತು. ನಕ್ಕವರಲ್ಲಿ ನಾನೂ ಒಬ್ಬಳು. ನೇರ ಹೋಗಿ ಮೇಸ್ತ್ರಿಗೆ ಹೇಳಿದೆ. ಅವರ ಮುಖ ಸಪ್ಪಗಾಯಿತು. "ಹೌದಾ? ಅತ್ತಳಾ? ನಾನು ಬೂಟಿಗೆ ಅಂದೆ ಕಣಮ್ಮಾ, ಆ ಮಗುಗಲ್ಲ" ಅಂದರು. ಆ ದಪ್ಪ ಸೋಲಿನ ಬೂಟು ಕಳಚಿಟ್ಟು, "ಭಾನುವಾರ ಕರ್ಕೊಂಡು ಮನೆಗೆ ಬಾ. ಕ್ಷಮೆ ಕೇಳೋದು ನಿಂತ ನಿಲುವಿನಲ್ಲಿ ಮಾಡೋ ಕೆಲಸ ಅಲ್ಲ" ಅಂದರು.

ಹೋದೆವು. ಬಾಗಿಲು ತೆರೆದವರು ಅಕ್ಕ. ನಿಮ್ಮಲ್ಲಿ ಕೆಲವರಿಗೆ ಗೊತ್ತಿಲ್ಲದಿದ್ದರೆ — ಅಕ್ಕ ಗ್ರಂಥಾಲಯದಲ್ಲಿ ಕೆಲಸದಲ್ಲಿದ್ದರು. ಭಾನುವಾರವೂ ಅರ್ಧ ದಿನ ಬಾಗಿಲು ತೆರೆಯುವ ಗ್ರಂಥಾಲಯ. ಹೊರಡುವ ಆತುರದಲ್ಲಿದ್ದರು. ನಾನು ಅವರ ಮುಖ ನೋಡಿ ನಮಸ್ಕಾರ ಮಾಡುತ್ತಿದ್ದೇನೆ, ಮೇಡಂ ಮಾತ್ರ ನೆಲ ನೋಡುತ್ತ ನಿಂತುಬಿಟ್ಟಿದ್ದಾರೆ. ಏನು ಅಂತ ನಾನೂ ನೋಡಿದೆ. ಅಕ್ಕನ ಕಾಲಲ್ಲಿ ಮರಳು ಬೂಟು!

"ಇದು ನಿಮ್ಮದಾ?" ಮೇಡಂ ಕೇಳಿದರು.

"ನಂದೆಲ್ಲಿ ಬಂತು? ಇವರ ಹಳೇದು. ಇವರು ಹೊಸದು ತಗೊಂಡಾಗೆಲ್ಲ ಹಳೇದು ನಂಗೆ. ಇದು ಐದನೇ ಜೊತೆ."

"ದೊಡ್ಡದಾಗಲ್ವಾ?"

"ಆಗುತ್ತೆ. ಮುಂದುಗಡೆ ಬಟ್ಟೆ ತುರುಕ್ತೀನಿ, ಎರಡೆರಡು ಸಾಕ್ಸ್ ಹಾಕ್ತೀನಿ. ಏಣಿ ಹತ್ತಿ ಇಳಿದು ದಿನಾ ಸಾಕಾಗುತ್ತಲ್ಲ, ಇದರಷ್ಟು ಹಿತ ಬೇರೆ ಯಾವುದೂ ಇಲ್ಲ. ಓದೋರ ಪಕ್ಕ ನಡೆದುಹೋದ್ರೂ ಒಬ್ಬರೂ ತಲೆ ಎತ್ತಲ್ಲ, ಅಷ್ಟು ಸದ್ದಿಲ್ಲ."

"ಹೆಂಗಸರಿಗೆ ಅಂತ ಇದನ್ನ ಮಾಡೋದೇ ಇಲ್ವಾ?"

ಅಕ್ಕ ನಕ್ಕರು. "ಅದನ್ನ ಮಾಡೋರನ್ನೇ ಕೇಳಮ್ಮಾ."

ಮಾಡುವವರು ಹಿಂದೆಯೇ ನಿಂತಿದ್ದರು. ಕೈಯಲ್ಲಿ ಚಹಾದ ಲೋಟಗಳು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಲೋಟಗಳನ್ನು ಕಿಟಕಿಯ ಮೇಲಿಟ್ಟು ಬಂದು, ಅಕ್ಕನ ಮುಂದೆ ನೆಲದ ಮೇಲೆ ಕುಳಿತರು. ಲೇಸು ಬಿಚ್ಚಿದರು. ಬೂಟು ಕಳಚಿ ಒಳಗೆ ಬೆರಳು ಹಾಕಿದರು. ಮುದ್ದೆ ಮಾಡಿದ ಬಟ್ಟೆ ಹೊರಬಂತು — ಅವರದೇ ಹಳೆಯ ಅಂಗಿಯ ತೋಳು.

"ಏನ್ರೀ ಇದು, ಹೊರಗಿನೋರ ಮುಂದೆ! ನಂಗೆ ಹೊತ್ತಾಯ್ತು, ಬಿಡಿ" ಅಂದರು ಅಕ್ಕ.

ಮೇಸ್ತ್ರಿ ಬಿಡಲಿಲ್ಲ. ಆ ಕಾಲನ್ನು ಅಂಗೈಯಲ್ಲಿಟ್ಟುಕೊಂಡೇ ಹೇಳಿದರು: "ಊರಿನ ಕಾಲೆಲ್ಲ ನೋಡ್ದೆ. ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು, ನಿನ್ನ ಕಾಲಿನ ಅಳತೆ ನಂಗೆ ಗೊತ್ತಿಲ್ಲ. ನಾನೆಂಥ ಮೇಸ್ತ್ರಿ?"

ನಾನು ಗೋಡೆಯ ಕಡೆ ತಿರುಗಿಕೊಂಡೆ.

ಅಲ್ಲಿ ಇನ್ನೊಂದು ಮಾತಿದೆ, ಯಾರಿಗೂ ಹೇಳಿರಲಿಲ್ಲ. ಆ ಹೊತ್ತಿಗೆ ನಾನು ಹದಿಮೂರು ವರ್ಷದಿಂದ ಆ ಬೂಟು ಹೊಲಿಯುತ್ತಿದ್ದೆ. ಹದಿಮೂರು ವರ್ಷ! ಎಷ್ಟು ಸಾವಿರ ಜೊತೆಯೋ. ಒಮ್ಮೆಯೂ ಕಾಲಿಗೆ ಹಾಕಿ ನೋಡಿರಲಿಲ್ಲ. ಹಾಕಬಹುದು ಅಂತ ಹೊಳೆದೇ ಇರಲಿಲ್ಲ. ಯಾರನ್ನು ದೂರಲಿ?

ಮರುದಿನದಿಂದ ಮೇಸ್ತ್ರಿ ಮತ್ತು ಮೇಡಂ ಒಂದೇ ಮೇಜು. ಹೆಂಗಸರ ಕಾಲು ಗಂಡಸರ ಕಾಲಿನ ಚಿಕ್ಕ ನಕಲಲ್ಲ ಅಂತ ಮೇಡಂ ಲೆಕ್ಕ ಹಾಕಿ ತೋರಿಸಿದರು. ಹಿಮ್ಮಡಿ ಕಿರಿದು, ಪಾದದ ಮೇಲ್ಭಾಗ ಎತ್ತರ. ಮೇಸ್ತ್ರಿ ಕೆತ್ತಿದರು, ಉಜ್ಜಿದರು, ಹೊಸ ಮರದ ಅಚ್ಚು ಮಾಡಿದರು. ಅಕ್ಕನ ಕಾಲಿನ ಅಚ್ಚು. ಮೊದಲ ಜೊತೆ ಅಕ್ಕನ ಬಳಿಗೆ ಹೋಯಿತು. "ಹಿಮ್ಮಡಿ ಕಚ್ಚುತ್ತೆ" ಅಂತ ವಾಪಸ್ಸು ಬಂತು. ಎರಡನೆಯದು ಹೋಯಿತು. "ಕಿರುಬೆರಳು ಅಳುತ್ತೆ" ಅಂತ ಬಂತು. ಮೇಸ್ತ್ರಿಯ ಬೂಟನ್ನು ಮೂವತ್ತು ವರ್ಷದಲ್ಲಿ ಯಾರೂ ಹಾಗೆ ಎರಡು ಸಲ ವಾಪಸ್ಸು ಕಳಿಸಿರಲಿಲ್ಲ. ಅಕ್ಕ ಕಳಿಸಿದರು!

ಮೂರನೆಯ ಜೊತೆ ಹಾಕಿಕೊಂಡು ಅಕ್ಕ ಬೆಳಿಗ್ಗೆ ಹೋದವರು ಸಾಯಂಕಾಲ ಬಂದರಂತೆ. ಮೇಸ್ತ್ರಿ ಬಾಗಿಲಲ್ಲೇ ಕಾಯುತ್ತಿದ್ದರಂತೆ.

"ಏನಾಯ್ತು?"

"ಏನು ಏನಾಯ್ತು?"

"ಅದೇ ಕಣೇ, ಬೂಟು!"

ಅಕ್ಕ ಕೆಳಗೆ ನೋಡಿಕೊಂಡು, "ಅಯ್ಯೋ, ಮರೆತೇಬಿಟ್ಟಿದ್ದೆ" ಅಂದರಂತೆ.

ಮಾರನೆಯ ದಿನ ನಮ್ಮ ಮೇಸ್ತ್ರಿ ಕಾರ್ಖಾನೆಯೊಳಗೆ ನಡೆದು ಬರಲಿಲ್ಲ, ಕುಣಿದು ಬಂದರು. ಕೈ ಮೇಲೆತ್ತಿಕೊಂಡು — ಹೀಗೆ — "ಮರೆತುಬಿಟ್ಟಿದ್ದಳಂತೆ! ಕಾಲಲ್ಲಿ ಇರೋದೇ ಮರೆತುಬಿಟ್ಟಿದ್ದಳಂತೆ!" ಇಷ್ಟು ದೊಡ್ಡ ಪ್ರಶಸ್ತಿ ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಆರನೆಯ ತಿಂಗಳು ಮುಗಿಯಲು ನಾಲ್ಕು ದಿನವಿರುವಾಗ ಮೇಡಂ ಆ ಬೂಟನ್ನು ಮಾಲೀಕರ ಮೇಜಿನ ಮೇಲಿಟ್ಟರು. ಮಾಲೀಕರು ಹಿಂದೆ ಮುಂದೆ ನೋಡಿ ಕೇಳಿದರು: "ಎಲ್ಲಿದೆ ಬದಲಾವಣೆ? ಅದೇ ಬೂಟಲ್ಲವೇ?"

ಮೇಡಂ ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ಹೇಳಿದರು: "ಬೂಟು ಅದೇ ಸಾರ್. ಕಾಲು ಬೇರೆ. ಇದನ್ನ ಕಂಡುಹಿಡಿದಿದ್ದು ಈ ಹುಡುಗಿ. ನನ್ನ ಕಣ್ಣಿಗೆ ಬಿದ್ದಿರಲಿಲ್ಲ."

ಅಷ್ಟರಲ್ಲಿ ನಾವು ಹೊಲಿಗೆ ವಿಭಾಗದ ಹೆಂಗಸರು ಬಾಗಿಲ ಹೊರಗೆ ಸಾಲಾಗಿ ನಿಂತಿದ್ದೆವು — ಒಂಬತ್ತು ಜನ, ಕಾಲಲ್ಲಿ ಒಂಬತ್ತು ಜೊತೆ ಮಾದರಿ ಬೂಟು. ಮಾಲೀಕರು ಬೂಟು ನೋಡಲಿಲ್ಲ, ನಮ್ಮ ಮುಖ ನೋಡಿದರು. ಸಾರ್, ನಿಜ ತಾನೇ? — ನೋಡಿ, ತಲೆಯಾಡಿಸುತ್ತಿದ್ದಾರೆ. ವಿಭಾಗ ಮುಚ್ಚಲಿಲ್ಲ. ವರ್ಷ ತುಂಬುವುದರೊಳಗೆ ಪಕ್ಕದ ಗೋಡೆ ಒಡೆದು ಇನ್ನಷ್ಟು ಮಿಷನ್ನು ಹಾಕಿದರು. ಇವತ್ತು ಯಾವ ಬೀದಿಯಲ್ಲಿ ಯಾವ ಹೆಣ್ಣುಮಗಳು ನಮ್ಮ ಮರಳು ಬೂಟು ಹಾಕಿಕೊಂಡು ನಡೆದರೂ, ಅದರೊಳಗಿರುವ ಆಕಾರ ಅಕ್ಕನ ಪಾದದ್ದು. ಅಕ್ಕಾ, ನಾಚಿಕೊಳ್ಳಬೇಡಿ.

ಕಳೆದ ಆರು ತಿಂಗಳಿಂದ ಮೇಸ್ತ್ರಿಗೆ ಹೃದಯ ಕೈಕೊಟ್ಟಿತ್ತು. ಮೂರು ವಾರದ ಹಿಂದೆ ನಾನೂ ಮೇಡಂ ಅವರೂ ನೋಡಲು ಮನೆಗೆ ಹೋದೆವು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು, ಪಾದ ಊದಿತ್ತು. ಕೆಳಗೆ ಬೀದಿಯಲ್ಲಿ ಹೋಗುವವರ ಕಾಲುಗಳನ್ನು ನೋಡುತ್ತಿದ್ದರು. "ಮುಖ ನೋಡಿದ್ರೆ ಯಾರು ಅಂತ ಗೊತ್ತಾಗಲ್ಲ, ಕಾಲು ನೋಡಿದ್ರೆ ಎಲ್ಲಿಗೆ ಹೊರಟಿದ್ದಾರೆ ಅಂತ ಗೊತ್ತಾಗುತ್ತೆ" ಅಂದು ನಕ್ಕರು.

ಮೇಡಂ ತಡೆಯಲಾಗದೆ ಅಂದರು: "ಮೇಸ್ತ್ರಿ, ನೀವು ಮಾಡಿದ ಬೂಟನ್ನ ನಾವು ಯಾವತ್ತೂ ಬದಲಾಯಿಸಲ್ಲ. ಮಾತು ಕೊಡ್ತೀನಿ."

ಮೇಸ್ತ್ರಿ ಹುಬ್ಬು ಗಂಟಿಕ್ಕಿದರು. "ಅಂಥ ಮಾತು ನಂಗೆ ಬೇಡ. ನಾನು ಹೋದೆ ಅಂತ ಬದಲಾಯಿಸ್ಬೇಡಿ. ನಾನಿದ್ದೆ ಅಂತ ಬದಲಾಯಿಸದೇನೂ ಇರ್ಬೇಡಿ. ಯಾರ ಕಾಲನ್ನ ಇನ್ನೂ ನಾವು ನೋಡಿಲ್ಲ, ಅದನ್ನ ಹುಡುಕಿ."

ಉಸಿರು ಸಾಲಲಿಲ್ಲ. ಬಾಗಿಲ ಕಡೆ ಕೈ ತೋರಿಸಿ, "ಈಗ ಹೊರಡಿ, ಮಿಷನ್ನುಗಳು ಸುಮ್ಮನಿವೆ" ಅಂದರು. ಅದೇ ನಮಗೆ ಅವರ ಕೊನೆಯ ಮಾತು.

ನನ್ನ ಮಾತೂ ಮುಗಿಯಿತು. ಎಲ್ಲರೂ ದಯವಿಟ್ಟು ಏಳಿ. ಅಕ್ಕಾ, ನೀವು ಕುಳಿತೇ ಇರಿ — ಇಲ್ಲವೇ? ಸರಿ, ಏಳುತ್ತಾರಂತೆ.

ಅಳತೆ ತೆಗೆಯುವಾಗ ಮೇಸ್ತ್ರಿ ಪ್ರತಿಯೊಬ್ಬರಿಗೂ ಹೇಳುತ್ತಿದ್ದ ಒಂದು ಮಾತಿದೆ. ಈ ಒಂದು ನಿಮಿಷದ ಮೌನಕ್ಕೆ ಅದನ್ನೇ ಹೇಳುತ್ತೇನೆ. ಎರಡೂ ಕಾಲಿನ ಮೇಲೆ ಸಮನಾಗಿ ನಿಲ್ಲಿ. ಭುಜ ಸಡಿಲ ಬಿಡಿ. ಮಾತು ಬೇಡ.

ಹಾಂ — ಹಾಗೇ ಇರಿ.