ಓದದೆ ಬಿಟ್ಟ ಸಾಲು

...ಅಲ್ಲ ಅಲ್ಲ, ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ಈ ಕಡೆ ಒಲೆ ಹತ್ರ ಬನ್ನಿ. ಆ ಕಾಗದದ ಕಟ್ಟು ಸ್ವಲ್ಪ ಆಚೆ ಸರಿಸಿ, ಅದು ಊರಿನ ಅಂಚೆ, ಇನ್ನೂ ವಿಂಗಡಿಸಿಲ್ಲ. ಹೂಂ, ನಾನೇ ನೋಡ್ಕೊಳ್ಳೋದು. ಈ ಕೊಲ್ಲಿ ಸುತ್ತಮುತ್ತ ಯಾರಿಗೆ ಕಾಗದ ಬಂದ್ರೂ ಮೊದಲು ಈ ಮೇಜಿನ ಮೇಲೇ ಬೀಳ್ಬೇಕು. ಕೂತ್ಕೊಳ್ಳಿ. ಏನಂದ್ರಿ ಹೆಸರು? ಗಾಳೀಲಿ ಸರಿಯಾಗಿ ಕೇಳಿಸ್ಲಿಲ್ಲ.

ಮ್ಯಾನ್ಸಿ? ಆರ್ಕ್ನಿ ದ್ವೀಪದ ಮ್ಯಾನ್ಸಿನಾ ನೀವು? ನ್ಯೂಜಿಲೆಂಡಿನವರೆಗೂ ನನ್ನ ಗಂಡ ಗಿಬ್ಬಿ ಜೊತೆ ಹಡಗಿನ ಒಂದೇ ಮಂಚದಲ್ಲಿ ಒದ್ದಾಡ್ಕೊಂಡು ಹೋದ ಮ್ಯಾನ್ಸಿ?

ಅಯ್ಯೋ ದೇವ್ರೇ. ಕಡುಬಿನ ಮ್ಯಾನ್ಸಿ!

ತಪ್ಪು ತಿಳ್ಕೋಬೇಡಿ, ನಗು ತಡೆಯೋಕಾಗ್ತಿಲ್ಲ. ನಿಮಗೆ ಗೊತ್ತಿಲ್ಲ, ಎಂಟು ವರ್ಷದಿಂದ ನೀವು ಈ ಶೆಟ್ಲೆಂಡಲ್ಲಿ, ನಮ್ಮೂರಲ್ಲೇ ವಾಸ ಮಾಡ್ತಿದ್ದೀರಿ. ನನ್ನ ಗಂಡ ಹಡಗಲ್ಲಿ ದಿನಾ ಬರೀತಿದ್ನಲ್ಲ, ಮೊಣಕಾಲ ಮೇಲೆ ಪುಸ್ತಕ ಇಟ್ಕೊಂಡು... ಹೂಂ, ನಿಮ್ಮ ಕಾಲು ತಾಗಿ ಮಸಿ ಚೆಲ್ಲಿದ್ದೂ ಅದರಲ್ಲೇ ಇದೆ. ದಡ ಮುಟ್ಟಿದ ಕೂಡ್ಲೇ ಅದನ್ನ ವಾಪಸ್ ಬರೋ ಹಡಗಿಗೆ ಹಾಕಿದ್ದ. ಆ ಚಳಿಗಾಲ ಪೂರ್ತಿ ಊರಿನ ಹೆಂಗಸರೆಲ್ಲ ಇಲ್ಲಿ ಕೂತ್ಕೊಂಡು ಹೆಣಿಗೆ ಹಾಕೋರು, ನಾನು ದಿನಕ್ಕೆ ಎರಡು ಮೂರು ಪುಟ ಗಟ್ಟಿಯಾಗಿ ಓದ್ತಿದ್ದೆ. ನಿಮ್ಮ ಗೊರಕೆ, ನಿಮ್ಮ ಹರಿದ ಚಡ್ಡಿ, ಬಿಳಿ ಹಕ್ಕಿ ಹಿಡಿಯೋಕೆ ಹೋಗಿ ಗಾಳ ನಿಮ್ಮ ಕಿವಿಗೇ ಸಿಕ್ಕಿಕೊಂಡಿದ್ದು. ಎಲ್ಲಿ, ಆ ಕಿವಿ ತೋರಿಸಿ. ಹೌದಲ್ವೇ, ಗುರುತು ಇನ್ನೂ ಇದೆ.

ಆದ್ರೆ ಎಲ್ಲರಿಗೂ ಬೇಕಾಗಿದ್ದು ಕಡುಬಿನ ಕಥೆ. ಭಾನುವಾರ ನಿಮ್ಮ ಪಂಕ್ತಿಯವರ ಕಡುಬು ತರೋಕೆ ಅಡುಗೆಮನೆಗೆ ಹೋದ್ರಂತೆ, ಹಡಗು ವಾಲ್ತಂತೆ, ಕಡುಬು ಬೇಯಿಸೋಕೆ ಕಟ್ಟಿದ ಬಟ್ಟೆ ಬಿಚ್ಕೊಂಡು ಉರುಳಿ ಉರುಳಿ ಹಂದಿಗೂಡಿಗೆ ನುಗ್ತಂತೆ, ಅದರ ಹಿಂದೇನೇ ನೀವೂ ನುಗ್ಗಿದ್ರಂತೆ. ಪಕ್ಕದ ಮನೆ ಗಿರ್ಜಿಯಮ್ಮ ನಕ್ಕು ನಕ್ಕು ಹೆಣಿಗೆ ಕಡ್ಡಿ ಬಿಡೋಳು. 'ಓಸ್ಲಾ, ಕಡುಬು ಓದೇ, ಇವತ್ತು ಮನಸ್ಸು ಸರಿಯಿಲ್ಲ' ಅನ್ನೋಳು.

ಏನು? ಹಂದಿಗೂಡಲ್ಲ, ಕೋಳಿಗೂಡಾ? ನೋಡಿದ್ರಾ, ಆವಾಗಿಂದ್ಲೇ ಸುಳ್ಳು ಬರೀತಿದ್ದ ನನ್ನ ಗಂಡ.

ಟೀ ತಗೊಳ್ಳಿ. ರೊಟ್ಟಿ ಬಿಸಿ ಇದೆ, ಬೆಣ್ಣೆ ಹಚ್ಕೊಳ್ಳಿ.

ಬರೆಯೋದಕ್ಕೇನೂ ಅವನಿಗೆ ಸೋಮಾರಿತನ ಇರ್ಲಿಲ್ಲ ಕಣ್ರೀ. ಪುಟಕ್ಕೆ ನಾಲ್ಕು ಸಲ ನನ್ನ ಹೆಸರು. ಓಸ್ಲಾ, ನೀನು ಬರುವಾಗ ಸ್ವಂತ ಬಟ್ಟಲು ತಾ, ಇಲ್ಲಿಯ ಬಟ್ಟಲು ತುಕ್ಕು. ಓಸ್ಲಾ, ಮೇಲಿನ ಮಂಚವನ್ನೇ ಕೇಳು, ಕೆಳಗಿನದಕ್ಕೆ ನೀರು ಬರುತ್ತೆ. ಓಸ್ಲಾ, ಉಪ್ಪಿನಕಾಯಿ ಮರೀಬೇಡ. ನಾನು ನಾಳೆಯೇ ಹೊರಡೋಳು ಅನ್ನೋ ಹಾಗೆ. ಕೊನೇ ಪುಟದಲ್ಲಿ ಲಂಗರು ಬಿಟ್ಟಿದ್ದು, ಎದುರಿಗೆ ಹಸಿರು ಗುಡ್ಡ ಕಂಡಿದ್ದು. 'ಇನ್ನು ಉಳಿದದ್ದೆಲ್ಲ ಕಾಗದದಲ್ಲಿ' ಅಂತ ಬರೆದು ಗೆರೆ ಎಳೆದಿದ್ದಾನೆ.

ಅಷ್ಟೇ. ಆಮೇಲೆ ಒಂದಕ್ಷರ ಇಲ್ಲ. ಒಂದೇ ಒಂದಕ್ಷರ.

ಯಾಕೆ ಹಾಗೆ ನೋಡ್ತಿದ್ದೀರಿ? ಏನೋ ಹೇಳೋಕೆ ಬಾಯಿ ತೆಗೆದ್ರಿ... ಬೇಡ. ಮೊದಲು ಟೀ ಕುಡೀರಿ. ನೀವ್ಯಾಕೆ ಇಷ್ಟು ದೂರ ಬಂದಿದ್ದೀರಿ ಅಂತ ನಾನು ಊಹೆ ಮಾಡಬಲ್ಲೆ. ಅಲ್ಲಿ ಅವನಿಗೆ ಬೇರೆ ಸಂಸಾರ ಆಗಿದೆ, ಅಲ್ವಾ? ಅಲ್ವಾ... ಇಲ್ವಾ? ಮತ್ತೆ... ಸತ್ತಿಲ್ಲ ತಾನೆ?

ಸರಿ. ಬದುಕಿದ್ದಾನೆ. ಸರಿ. ಅಷ್ಟು ಸಾಕು, ಇನ್ನೇನೂ ಹೇಳಬೇಡಿ.

ನನಗಲ್ಲ, ನನ್ನ ಮಗಳಿಗೋಸ್ಕರ ಹೇಳ್ತಿದ್ದೀನಿ. ಸಿನ್ನಿ. ಸೌದೆ ಬದಲು ಒಲೆಗೆ ಉರಿಸೋ ಜೌಗುಮಣ್ಣಿನ ಹೆಂಟೆ ತರೋಕೆ ಗುಡ್ಡಕ್ಕೆ ಹೋಗಿದ್ದಾಳೆ, ಇನ್ನೇನು ಬರ್ತಾಳೆ. ಹನ್ನೊಂದು ತುಂಬ್ತು. ಅವನು ಹೋದಾಗ ಮೂರು. ಚಿಕ್ಕವಳಿದ್ದಾಗ ಅಂಚೆ ದೋಣಿ ಬಂದ ದಿನವೆಲ್ಲ ಈ ಹೊಸ್ತಿಲ ಮೇಲೇ ನಿಂತಿರೋಳು. ನಾನು ಒಂದೊಂದೇ ಹೆಸರು ಓದಿ ಎತ್ತಿಡ್ತಿದ್ದೆ, ಅವಳು ಚೀಲ ಬರಿದಾಗೋವರೆಗೂ ನಿಂತಿರೋಳು, ಆಮೇಲೆ ಸುಮ್ನೆ ಆಡೋಕೆ ಹೋಗೋಳು. ಒಂದು ದಿನ ನಿಲ್ಲೋದನ್ನೇ ಬಿಟ್ಳು. ಈಗ ಶಾಲೇಲಿ ಯಾರಾದ್ರೂ ಕೇಳಿದ್ರೆ ಅಪ್ಪ ಮುಳುಗಿಹೋದ ಅಂತಾಳೆ. ನಾಲ್ಕು ಬಿಗೀಬೇಕು ಅಂತ ಹೋದೆ, ಕೈ ಏಳ್ಲಿಲ್ಲ. ಅವನ ತಾಯಿ ಸಾಯೋವಾಗ್ಲೂ ಮಗನ ಹೆಸರೆತ್ತಲಿಲ್ಲ. ಪಾದ್ರಿಗಳು ಚರ್ಚಲ್ಲಿ ಗಂಡಂದಿರ ಕರ್ತವ್ಯದ ಬಗ್ಗೆ ಮಾತಾಡಿದಾಗೆಲ್ಲ ಊರೆಲ್ಲ ನನ್ನ ಬೆನ್ನೇ ನೋಡುತ್ತೆ. ಹೇಗೋ ಎಲ್ಲ ಆರಿ ತಣ್ಣಗಾಗಿದೆ. ನೀವು ಮತ್ತೆ ಕೆದಕಬೇಡಿ. ಅವಳು ಬರೋದ್ರೊಳಗೆ ಟೀ ಮುಗಿಸಿ ಹೊರಟುಬಿಡಿ. ಬೇಜಾರು ಮಾಡ್ಕೋಬೇಡಿ.

ಏಳ್ತಿದ್ದೀರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ಈಗಲೇ ಅಂತ ಅಂದೆನಾ? ಇನ್ನೊಂದು ಬಟ್ಟಲು ಕುಡೀರಿ. ನಿಜ ಹೇಳ್ಲಾ, ಈ ಮನೆಗೆ ನನ್ನನ್ನೇ ನೋಡ್ಬೇಕು ಅಂತ ಯಾರೂ ಬರೋದಿಲ್ಲ. ಕಾಗದಕ್ಕೆ ಬರ್ತಾರೆ. ತಮ್ಮದು ತಗೊಂಡು, ನನಗೊಂದು 'ಪಾಪ' ಬಿಸಾಕಿ ಹೋಗ್ತಾರೆ. ಓದೋದು ನಿಂತ ಮೇಲೆ ಆ ಹೆಂಗಸರೂ ಹೆಣಿಗೆ ಎತ್ಕೊಂಡು ಬೇರೆ ಮನೆಗೆ ಹೋದ್ರು. ಕೆಲವು ಸಲ ಪುಸ್ತಕ ತೆಗೆದು ಒಬ್ಳೇ ಗಟ್ಟಿಯಾಗಿ ಓದ್ಕೋತೀನಿ. ಮನೇಲಿ ಯಾರೋ ಮಾತಾಡ್ತಿದ್ದಾರೆ ಅನ್ನಿಸುತ್ತೆ. ನೀವು ಬಾಗಿಲಲ್ಲಿ ಹೆಸರು ಹೇಳಿದಾಗ, ನಮ್ಮವರೇ ಯಾರೋ ಬಂದ ಹಾಗಾಯ್ತು.

ಅಲ್ಲ, ಪುಸ್ತಕದಲ್ಲಿ ನೀವು ಕಡ್ಡಿ ಹಾಗಿದ್ರಿ. ಈಗ ನೋಡಿದ್ರೆ ಚೆನ್ನಾಗಿ ಮೈ ತುಂಬ್ಕೊಂಡಿದ್ದೀರಿ. ತುಂಬದೆ ಏನು, ದಿನಾ ಕುರಿಮಾಂಸ. ಅದೂ ಬೇಡ, ಗಿಬ್ಬಿ ಬಾಗಿಲಲ್ಲಿರೋ ಆ ಪೀಚ್ ಮರ ಒಂದೇ ಸಾಲದಾ, ತಿಂದು ತಿಂದು ಸಾಕಾಗಿ ಹಂದಿಗೂ ಹಾಕ್ತೀರಂತೆ. ಇಲ್ಲಿ ಶೆಟ್ಲೆಂಡಲ್ಲಿ ನೋಡಿ, ನೆರಳಿಗೆ ಅಂತ ಒಂದು ಮರ...

ಏನಾಯ್ತು? ಟೀ ತಣ್ಣಗಿದೆಯಾ? ಬಟ್ಟಲು ಯಾಕೆ ಕೆಳಗಿಟ್ರಿ?

ಮರ... ಪುಸ್ತಕದಲ್ಲಿ ಇತ್ತು ಅದು. ಕೊನೆ ಕೊನೆಗೆ ಎಲ್ಲೋ...

ಇಲ್ಲ. ಪುಸ್ತಕ ಲಂಗರಿಗೇ ಮುಗೀತು. ಈಗ ತಾನೇ ನಾನೇ ಹೇಳಿದೆ.

ಯಾರೋ ಹೇಳಿದ್ರು ಅಂತ ಅಂದ್ಕೊಳ್ಳಿ. ಬೇರೆಯವರಿಗೆ ಬಂದ ಕಾಗದದಲ್ಲಿ... ಮ್ಯಾನ್ಸಿ, ಆ ಮೇಜಿನ ಕಡೆ ನೋಡಬೇಡಿ. ಆ ಕಾಗದದ ಕಟ್ಟಲ್ಲಿ ಏನಿದೆ ನೋಡೋಕೆ? ಬೈಯೋದಾದ್ರೆ ಬೈರಿ.

ಬಂದವು. ಆಯ್ತಾ? ಬರ್ತಾನೇ ಇದ್ದವು. ಚೀಲದಲ್ಲಿ ಅವನ ಅಕ್ಷರ ಕಂಡ ಕೂಡ್ಲೇ ಶಾಲಿನೊಳಗೆ. ಸಿನ್ನಿ ಹೊಸ್ತಿಲ ಮೇಲೆ ನಿಂತಿರೋವಾಗ್ಲೇ. ಒಂದನ್ನೂ ಓದದೆ ಸುಡಲಿಲ್ಲ, ಅಷ್ಟು ಹೇಳ್ತೀನಿ. ಮನೆ ಕಟ್ಟಿದ್ದು, ಕಿಟಕಿ ಇಟ್ಟಿದ್ದು, ಮರ ನೆಟ್ಟಿದ್ದು ಎಲ್ಲ ಬಾಯಿಪಾಠ. ಹಡಗಿನ ಚೀಟಿಯೂ ಬಂದಿತ್ತು. ಇಬ್ಬರಿಗೂ. ಎರಡು ಸಲ.

ಯಾಕೆ ಅಂತ ಕೇಳ್ತಿಲ್ಲ ನೀವು. ಹಾಗಿದ್ರೂ ಹೇಳ್ತೀನಿ. ಕಡುಬಿನ ದಿನ ನಿಮಗೆ ನೆನಪಿದೆಯಲ್ಲ. ಪುಸ್ತಕದಲ್ಲಿ ಆ ಕಥೆಯ ಮೇಲೆ ಒಂದು ಸಾಲಿದೆ. ಯಾರಿಗೂ ಓದಿ ಹೇಳ್ಲಿಲ್ಲ, ಹೆಬ್ಬೆರಳು ಮುಚ್ಕೊಂಡು ಕೆಳಗಿನ ಸಾಲಿಗೆ ಹೋಗ್ತಿದ್ದೆ. 'ಗಾಳಿ ಚೆನ್ನಾಗಿದೆ. ಬೆಳಗ್ಗೆ ಸಂಸಾರಸ್ಥರ ಕಡೆ ಇನ್ನೊಂದು ಮಗು ಹೋಯಿತು, ಹಾಯಿಬಟ್ಟೆಯಲ್ಲಿ ಹೊಲಿದು ಸಮುದ್ರಕ್ಕೆ ಬಿಟ್ಟರು. ಎತ್ತರ ನಮ್ಮ ಸಿನ್ನಿಯಷ್ಟೇ. ಮಧ್ಯಾಹ್ನ ಕಡುಬು.'

ನೆನಪಿದೆ. ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ.

ಎಲ್ಲರೂ ಹೊಟ್ಟೆ ಹಿಡ್ಕೊಂಡು ನಗೋವಾಗ ನನ್ನ ಬೆರಳ ಕೆಳಗೆ ಆ ಮಗು ಇರ್ತಿತ್ತು. ಅವನು ಕೆಟ್ಟ ಮನಸ್ಸಿಂದ ಬರೀಲಿಲ್ಲ. ಮಗಳ ನೆನಪಾಯ್ತು, ಬರೆದ. ಆ ಚಳಿಗಾಲ ಸಿನ್ನಿಗೆ ಎದೆ ಕಟ್ಟಿತ್ತು, ಉಸಿರೆಳೆದ್ರೆ ಸಿಳ್ಳೆ ಹೊಡೆದ ಹಾಗೆ. ಒಂದು ದಿನ ಅವಳಿಗೆ ಲಂಗ ಹೊಲಿಯೋಕೆ ಅಂತ ಅಳತೆ ತಗೊಳ್ತಿದ್ದೆ. ಕೈ ಲಂಗಕ್ಕೆ ಅಳೀತಿಲ್ಲ ಮ್ಯಾನ್ಸಿ, ಹಾಯಿಬಟ್ಟೆಗೆ ಅಳೀತಿದೆ. ಅವತ್ತೇ ತೀರ್ಮಾನ ಆಯ್ತು. ಹತ್ತಿಸಲ್ಲ. ಈ ಮಗೂನ ಆ ಹಡಗು ಹತ್ತಿಸಲ್ಲ.

ಭಯ ಆಗುತ್ತೆ ಅಂತ ಬರೀಬಹುದಿತ್ತು. ಬರೆದಿದ್ರೆ ಅವನು ಎಲ್ಲ ಬಿಟ್ಟು ವಾಪಸ್ ಬರ್ತಿದ್ದ, ಮತ್ತೆ ಮೀನು ದೋಣಿ ಹತ್ತಿ ಅವನ ಅಣ್ಣಂದಿರ ಹಾಗೇ ಮುಳುಗ್ತಿದ್ದ. ಊರಿಗೆ ಹೇಳಿದ್ರೆ ಅವನ ತಾಯಿ, ಪಾದ್ರಿಗಳು, ಗಿರ್ಜಿಯಮ್ಮ ಎಲ್ಲ ಸೇರಿ ನನ್ನನ್ನ ಹಡಗಿಗೆ ಹತ್ತಿಸಿ ಕೈ ಬೀಸ್ತಿದ್ರು. ಅದಕ್ಕೆ ಕಾಗದ ಬರ್ಲಿಲ್ಲ ಅಂದೆ. ಮುಂದಿನ ವರ್ಷ ಸಿನ್ನಿ ಗಟ್ಟಿಯಾದ್ರೆ ಹೇಳಿದ್ರಾಯ್ತು ಅಂತ. ಆಮೇಲಿನ ವರ್ಷ, ಮಗ ಮರೆತುಬಿಟ್ಟ ಅಂತಲೇ ನಂಬ್ಕೊಂಡು ಅವನ ತಾಯಿ ಹೋಗಿಬಿಟ್ರು. ಆಮೇಲೆ ಯಾವ ಬಾಯಲ್ಲಿ ಹೇಳೋದು?

ಇನ್ನೂ ಕರೀತಿದ್ದಾನಾ ಅವನು?

ಕೋಟಿನ ಒಳಗೆ ಕೈ ಹಾಕ್ತಿದ್ದೀರಿ. ಓ... ಈ ಸಲ ಕಾಗದಾನ ನಿಮ್ಮ ಕೈಯಲ್ಲೇ ಕೊಟ್ಟು ಕಳಿಸಿದ್ದಾನೆ. ಅಂಚೆಯಲ್ಲೇ ಏನೋ ತೊಂದರೆ ಇರಬೇಕು ಅಂದ್ಕೊಂಡಿದ್ದಾನಾ? ಹೂಂ. ಅಂಚೆಯಲ್ಲೇ ತೊಂದರೆ ಅಂತ ಹೇಳಿ ಅವನಿಗೆ.

ಒಳಗಿಡಿ. ಒಳಗಿಡಿ, ಅವಳು ಬಂದ್ಲು. ಬುಟ್ಟಿ ಇಳಿಸ್ತಿದ್ದಾಳೆ, ಕೇಳಿಸ್ತಾ? ಎದ್ದು ಹೋಗಿಬಿಡಿ ಮ್ಯಾನ್ಸಿ. ದಾರಿ ಕೇಳೋಕೆ ಬಂದಿದ್ರು ಅಂತ ಹೇಳ್ತೀನಿ. ಕಾಗದಕ್ಕೆ ಬಂದಿದ್ರು ಅಂತ...

ಏಳೋದಿಲ್ವಾ ನೀವು? ಅವಳನ್ನ ನೋಡ್ಲೇಬೇಕಾ?

ಸರಿ, ಕೂತಿರಿ.

...ಬಾ ಸಿನ್ನಿ. ಬಾಗಿಲು ಹಾಕು, ಗಾಳಿ ಬರುತ್ತೆ. ಕೈ ಆಮೇಲೆ ತೊಳ್ಕೊಳ್ಳುವಿಯಂತೆ, ಬಾ ಇಲ್ಲಿ ಕೂತ್ಕೋ. ಇಲ್ಲಿ, ನನ್ನ ಎದುರಿಗೆ. ಇವರನ್ನ ನಿಮ್ಮಪ್ಪ ಕಳಿಸಿದ್ದಾರೆ. ಹೂಂ. ನಿಮ್ಮಪ್ಪ. ನಾನು ನಿನಗೊಂದು ವಿಷಯ ಹೇಳ್ಬೇಕು ಮಗಳೇ.

ಮ್ಯಾನ್ಸಿ, ನನ್ನ ಬಾಯಿ ನಡುವೆ ಕಟ್ಟಿಹೋದ್ರೆ, ಮುಂದಿನದು ನೀವು ಹೇಳಿ.